ಕಲೆ ಇದ್ದ ಜಾಗ

ಡ್ರೈಕ್ಲೀನಿಂಗ್ ಅಂಗಡಿಯವರಲ್ಲಿ ಒಂದು ಕಟ್ಟಳೆ ಇದೆ. ಕಲೆ ತೆಗೆದ ಬಟ್ಟೆಯನ್ನು ಗಿರಾಕಿಯ ಕೈಗೆ ಕೊಡುವಾಗ ಕಲೆ ಇದ್ದ ಜಾಗವನ್ನು ಬೆರಳಿಟ್ಟು ತೋರಿಸಬಾರದು. "ನೋಡಿ ಸಾರ್, ಇಲ್ಲಿತ್ತು, ಈಗಿಲ್ಲ" ಎಂದು ಹೆಮ್ಮೆಯಿಂದ ತೋರಿಸಿದಿರೋ, ಕೆಟ್ಟಿರಿ. ಗಿರಾಕಿ ಆ ಜಾಗವನ್ನು ಬೆಳಕಿಗೆ ಹಿಡಿಯುತ್ತಾನೆ, ಓರೆ ಮಾಡುತ್ತಾನೆ, ಕನ್ನಡಕ ತೆಗೆದು ನೋಡುತ್ತಾನೆ, ಹಾಕಿಕೊಂಡು ನೋಡುತ್ತಾನೆ, ಕೊನೆಗೆ "ಇನ್ನೂ ಒಂಚೂರು ಇದ್ದ ಹಾಗಿದೆಯಲ್ಲ" ಎನ್ನುತ್ತಾನೆ. ಅಲ್ಲಿಂದ ಮುಂದೆ ಸಾಕ್ಷಾತ್ ಬ್ರಹ್ಮನೇ ಬಂದು ಹೇಳಿದರೂ ಅವನ ಕಣ್ಣಿನಿಂದ ಆ ಕಲೆ ಹೋಗುವುದಿಲ್ಲ. ಆದ್ದರಿಂದ ಆ ಭಾಗ ಒಳಮಡಿಕೆಗೆ ಸೇರುವಂತೆ ಮಡಚಿ, ಕಾಗದ ಸುತ್ತಿ, ಬಿಸಿಲಿನ ಬಗ್ಗೆಯೋ ಮೋಡದ ಬಗ್ಗೆಯೋ ಎರಡು ಮಾತಾಡಿ ಕಳಿಸಿಬಿಡಬೇಕು.

ಈ ಕಟ್ಟಳೆಯನ್ನು ನಮ್ಮ ಶುಭ್ರಣ್ಣನಷ್ಟು ನಿಷ್ಠೆಯಿಂದ ಪಾಲಿಸುವವರು ಇನ್ನೊಬ್ಬರಿಲ್ಲ. ಶುಭ್ರಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ವಯಸ್ಸು ನಲವತ್ತು ದಾಟಿದೆ, ಇನ್ನೂ ಮದುವೆಯಿಲ್ಲ. ಅಂಗಡಿಯ ಹಿಂಭಾಗದಲ್ಲಿ, ಆವಿ ಇಸ್ತ್ರಿಯ ಪಕ್ಕದಲ್ಲಿ, ಬಿಳಿ ದೀಪ ಇಳಿಬಿಟ್ಟ ಒಂದು ಮೇಜಿದೆ. ಅದೇ ಅವನ ಸಿಂಹಾಸನ. ಶಾಯಿ, ಎಣ್ಣೆ, ಕಾಫಿ, ತುಕ್ಕು, ಲಿಪ್‌ಸ್ಟಿಕ್, ಬೆವರು, ರಕ್ತ, ಏನೇ ಬರಲಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಾನೆ. ಮುಂದಿನ ಕೌಂಟರಿನಲ್ಲಿ ಅವನ ಅಕ್ಕ ಕೂರುತ್ತಾಳೆ. ಬಟ್ಟೆಗೆ ಗುರುತು ಚೀಟಿ ಚುಚ್ಚುವುದು ಮತ್ತು ಬೀದಿಯ ಸುದ್ದಿಯನ್ನೆಲ್ಲ ಸೋಸಿ ಇಟ್ಟುಕೊಳ್ಳುವುದು ಅವಳ ಖಾತೆ. ಬಾವ ವ್ಯಾನು ಓಡಿಸುತ್ತಾನೆ. ಹೋಟೆಲು, ಆಸ್ಪತ್ರೆಗಳಿಂದ ಹಾಸಿಗೆ ಬಟ್ಟೆ ತಂದು ಒಗೆಸಿ ಮತ್ತೆ ಮುಟ್ಟಿಸುತ್ತಾನೆ. ಎಲ್ಲರೂ ಅಂಗಡಿಯ ಮಹಡಿಯಲ್ಲೇ ವಾಸ. ಹೊಟ್ಟೆಬಟ್ಟೆಗೆ ಕಡಿಮೆಯಿಲ್ಲ, ಜಗಳಕ್ಕೆ ಕಾರಣವಿಲ್ಲ, ನಗುವುದಕ್ಕೆ ಅಕ್ಕನ ಬಾಯಿ ಒಂದೇ ಸಾಕು.

ಇಷ್ಟೆಲ್ಲ ಇದ್ದೂ ಮಹಾರಾಯ ತನ್ನ ವಿಷಯದಲ್ಲಿ ಮಾತ್ರ ಕಸುಬಿನ ಕಟ್ಟಳೆ ಮುರಿದಿದ್ದ. ತನ್ನದೇ ಒಂದು ಕಲೆ ಇದ್ದ ಜಾಗಕ್ಕೆ ದಿನಾ ಬೆರಳಿಟ್ಟು ನೋಡುತ್ತಿದ್ದ.

ಸಂಗತಿ ದೊಡ್ಡದೇನೂ ಅಲ್ಲ. ಎಷ್ಟೋ ವರ್ಷದ ಹಿಂದೆ, ಹೊಸ ಒಗೆಯುವ ಯಂತ್ರದ ಕೆಲಸ ಕಲಿಯಲು ಶುಭ್ರಣ್ಣ ಬೇರೊಂದು ಊರಿಗೆ ಹೋಗಿದ್ದ. ಅದೇ ತರಬೇತಿಗೆ ಇನ್ನೊಂದು ಊರಿನಿಂದ ಒಬ್ಬಳು ಬಂದಿದ್ದಳು. ಇಬ್ಬರಿಗೂ ಅಲ್ಲಿ ಯಾರೂ ಪರಿಚಯವಿಲ್ಲ, ಇಬ್ಬರಿಗೂ ನಗು ಬೇಗ ಬರುತ್ತಿತ್ತು. ಒಂದು ಸಂಜೆ ಟೀ ಕುಡಿಯಲು ಹೋದವರು ಅವಳ ಕೋಣೆಯವರೆಗೂ ಹೋದರು. ಯಾವ ಮುಂಜಾಗ್ರತೆಯೂ ಇರಲಿಲ್ಲ. ಆ ವಯಸ್ಸಿಗೆ ಅದೆಲ್ಲ ಹೊಳೆಯುವುದೂ ಇಲ್ಲ. ತರಬೇತಿ ಮುಗಿಯಿತು, ಅವಳು ಕೈ ಬೀಸಿ ಬಸ್ಸು ಹತ್ತಿದಳು, ಇವನೂ ಕೈ ಬೀಸಿದ. ಇಬ್ಬರ ಮನಸ್ಸಿನಲ್ಲೂ ಕಹಿಯಿರಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ವಾಪಸು ಬರುವಾಗ ಬಸ್ ನಿಲ್ದಾಣದ ಗೋಡೆಯ ಮೇಲೆ ಒಂದು ಭಿತ್ತಿಚಿತ್ರ ಅಂಟಿಸಿದ್ದರು. ಲೈಂಗಿಕ ರೋಗಗಳ ಬಗ್ಗೆ ಎಚ್ಚರ, ಹೊರಗೆ ಕಾಣದಿದ್ದರೂ ಒಳಗಿರಬಹುದು, ಪರೀಕ್ಷೆ ಮಾಡಿಸಿಕೊಳ್ಳಿ ಎಂದು ದಪ್ಪಕ್ಷರದಲ್ಲಿತ್ತು. ಆ ನಿಲ್ದಾಣದಲ್ಲಿ ನೂರಾರು ಜನ ನಿಂತಿದ್ದರು, ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು ಇವನೊಬ್ಬನೇ. ಬಸ್ಸಿನಲ್ಲಿ ಕೂತಷ್ಟು ಹೊತ್ತೂ "ಒಳಗಿರಬಹುದು" ಎಂಬ ಒಂದೇ ಮಾತು ಅವನ ತಲೆಯಲ್ಲಿ ಕೂತಿತ್ತು.

ಪರೀಕ್ಷೆ ಮಾಡಿಸಿದ. ಒಳ್ಳೆಯದೇ ಮಾಡಿದ, ಯಾರೇ ಆದರೂ ಮಾಡಬೇಕಾದದ್ದು ಅದೇ. ಫಲಿತಾಂಶ ಬಂತು: ಎಚ್‌ಐವಿ ಇಲ್ಲ, ಸಿಫಿಲಿಸ್ ಇಲ್ಲ, ಹೆಪಟೈಟಿಸ್ ಇಲ್ಲ, ಹೆಸರು ಓದಲು ನಾಲಿಗೆ ತಿರುಗದ ಇನ್ನೆರಡು ಇದ್ದವು, ಅವೂ ಇಲ್ಲ. ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ ಎಂದಿದ್ದರು, ನೋಡಿಸಿದ, ಆಗಲೂ ಇಲ್ಲ. ಬೇರೆಯವರಾಗಿದ್ದರೆ ಕಾಗದ ಹರಿದು ಎಸೆದು ಸಿನಿಮಾಕ್ಕೆ ಹೋಗುತ್ತಿದ್ದರು. ಶುಭ್ರಣ್ಣನೂ ಅವತ್ತು ಖುಷಿಯಾಗೇ ಇದ್ದ. ಮಾರನೆಯ ದಿನ ಇಸ್ತ್ರಿ ತಿಕ್ಕುವಾಗ ಒಂದು ಯೋಚನೆ ಬಂತು: ಆ ರಕ್ತದ ಸೀಸೆಗೆ ಚೀಟಿ ಅಂಟಿಸಿದ್ದು ಯಾರು? ನಮ್ಮ ಅಂಗಡಿಯಲ್ಲೇ ಅಕ್ಕ ಎಷ್ಟು ಸಲ ಒಬ್ಬರ ಪ್ಯಾಂಟಿಗೆ ಇನ್ನೊಬ್ಬರ ಚೀಟಿ ಚುಚ್ಚಿಲ್ಲ?

ಹಾಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಒಂದು ಲ್ಯಾಬಿನ ಮೇಲೆ ಅನುಮಾನ ಬಂದು ಎರಡನೆಯದಕ್ಕೆ ಹೋದ. ಎರಡೂ ಒಂದೇ ಮಾತು ಹೇಳಿದಾಗ, ಇಬ್ಬರೂ ಒಂದೇ ಕಂಪನಿಯ ಯಂತ್ರ ಇಟ್ಟುಕೊಂಡಿರಬಹುದಲ್ಲ ಎಂದು ಮೂರನೆಯದಕ್ಕೆ ಹೋದ. ಗಂಟಲು ಕೆರೆದರೆ ಅದೇ, ಬೆನ್ನಿಗೆ ಬೆವರುಸಾಲೆ ಎದ್ದರೆ ಅದೇ, ಸುಸ್ತಾದರೆ ಅದೇ, ಸುಸ್ತಾಗದಿದ್ದರೆ ಅದು ಹೊಂಚು ಹಾಕುತ್ತಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂಬುದು ಗಾದೆ. ಇವನಿಗೆ ಹುಣ್ಣಿರಲಿಲ್ಲ, ಕನ್ನಡಿ ಮಾತ್ರ ಇತ್ತು. ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅದರ ಮುಂದೆ ನಾಲಿಗೆ ಚಾಚಿ, ತೊಡೆ ತಿರುಗಿಸಿ, ಬಿಳಿ ದೀಪದ ಕೆಳಗೆ ಅಂಗಿ ನೋಡಿದ ಹಾಗೆ ತನ್ನನ್ನು ತಾನು ನೋಡಿಕೊಳ್ಳುತ್ತಿದ್ದ. ಹೊರಗಿನಿಂದ ಬಾವ ಬಾಗಿಲು ತಟ್ಟಿ, "ಏನಯ್ಯಾ, ಒಳಗೆ ಸಿಂಗಾರ ಮುಗೀತಾ? ನಾನೂ ಮನುಷ್ಯನೇ" ಎನ್ನುತ್ತಿದ್ದ.

ಕೊನೆಗೊಂದು ಲ್ಯಾಬು ಕಾಯಂ ಆಯಿತು. ಅಲ್ಲಿ ರಕ್ತ ತೆಗೆಯುವ ಹುಡುಗಿಗೆ ಇವನ ನರಗಳೆಲ್ಲ ಬಾಯಿಪಾಠ.

"ಮತ್ತೆ ನೀವಾ ಅಂಕಲ್? ಈ ಸಲ ಯಾವ ಕೈ?"

"ಎಡಗೈ ಇರ್ಲಿ. ಹೋದ್ಸಲ ಬಲಗೈ ಆಯ್ತಲ್ಲ."

"ನೀವು ಇಷ್ಟು ರಕ್ತ ದಾನ ಮಾಡಿದ್ರೆ ಇಷ್ಟೊತ್ತಿಗೆ ಯಾರದ್ದಾದ್ರೂ ಜೀವ ಉಳೀತಿತ್ತು ನೋಡಿ" ಎಂದು ಹುಡುಗಿ ನಗುತ್ತಿದ್ದಳು. ಶುಭ್ರಣ್ಣ ಅವಳು ಚೀಟಿ ಅಂಟಿಸುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಇದು ಯಾರಿಗೂ ಗೊತ್ತಿರಲಿಲ್ಲ. ಅಕ್ಕನಿಗೆ ಕಂಡದ್ದು ಇಷ್ಟೇ: ತಮ್ಮನ ಲೋಟ ಬೇರೆ, ತಟ್ಟೆ ಬೇರೆ, ಟವೆಲು ಬೇರೆ, ಅಕ್ಕನ ಮೊಮ್ಮಗುವನ್ನು ಎತ್ತಿಕೋ ಎಂದರೆ ಎರಡು ಹೆಜ್ಜೆ ಹಿಂದೆ. "ಮಗು ಅಂಗಿ ಮೇಲೆ ಕಕ್ಕಿಬಿಟ್ರೆ ಕಲೆ ಆಗುತ್ತಂತೆ ಇವನಿಗೆ" ಎಂದು ಅವಳು ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಿದ್ದಳು. ಲೋಟದಿಂದ, ಟವೆಲಿನಿಂದ ಆ ರೋಗಗಳು ಹಬ್ಬುವುದಿಲ್ಲ ಎಂದು ಶುಭ್ರಣ್ಣನಿಗೆ ಚೆನ್ನಾಗಿ ಗೊತ್ತಿತ್ತು, ಓದಿದ್ದ. ತಿಳಿವಳಿಕೆ ತಲೆಯಲ್ಲಿತ್ತು, ಹೆದರಿಕೆ ಹೊಟ್ಟೆಯಲ್ಲಿತ್ತು. ಅವೆರಡಕ್ಕೂ ಮಾತುಕತೆ ನಿಂತು ಬಹಳ ಕಾಲವಾಗಿತ್ತು.

ಇನ್ನು ಟೈಲರಮ್ಮನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಹೇಳಿದ್ದೆಲ್ಲ ಅದಕ್ಕಾಗಿಯೇ.

ರಸ್ತೆಯ ಆಚೆ ಬದಿ, ಸರಿಯಾಗಿ ಎದುರಿಗೆ, ಒಂದು ಬಾಗಿಲಿನ ಹೊಲಿಗೆ ಅಂಗಡಿ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಸರಿಮಾಡುವುದೇ ಟೈಲರಮ್ಮನಿಗೆ ಹೆಚ್ಚು. ಕಿತ್ತ ಜಿಪ್ಪು, ಉದುರಿದ ಗುಂಡಿ, ಬಿಚ್ಚಿದ ಅಂಚು, ಹೊಟ್ಟೆ ಬೆಳೆದವರ ಪ್ಯಾಂಟು. ಡ್ರೈಕ್ಲೀನಿಂಗಿಗೆ ಬಂದ ಬಟ್ಟೆಗಳಲ್ಲಿ ರಿಪೇರಿಯದ್ದೆಲ್ಲ ಅವಳಿಗೇ ಹೋಗುತ್ತಿತ್ತು. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ಹೃದಯ ನಿಂತು ಹೋಗಿಬಿಟ್ಟಿದ್ದ. ಆಮೇಲೆ ತಾನಾಗೇ ಕಸುಬು ಕಲಿತು, ತಾನಾಗೇ ಅಂಗಡಿ ಹಾಕಿ, ಸೂಜಿಯ ಹಾಗೆ ನೆಟ್ಟಗೆ ಬದುಕಿದವಳು. ಮಾತು ಕಡಿಮೆ, ಆಡಿದರೆ ಕತ್ತರಿ.

ಅವಳು ರಿಪೇರಿಯಾದ ಕೋಟು ತಂದು ಕೊಡುವಾಗ ಶುಭ್ರಣ್ಣ ಒಳಗಿನ ಮೇಜು ಬಿಟ್ಟು ಹೊರಗೆ ಬರುತ್ತಿದ್ದ. ಬೇರೆ ಯಾರು ಬಂದರೂ ಬರುತ್ತಿರಲಿಲ್ಲ. ಅವಳ ಹೊಲಿಗೆಯನ್ನು ಬೆಳಕಿಗೆ ಹಿಡಿದು "ಎಲ್ಲಿ ಹರಿದಿತ್ತು ಅಂತ್ಲೇ ಗೊತ್ತಾಗಲ್ಲ" ಎನ್ನುತ್ತಿದ್ದ. ಅವಳು "ನಿಮ್ಮ ಕಲೆಯೂ ಹಾಗೇ ಅಲ್ವಾ" ಎನ್ನುತ್ತಿದ್ದಳು. ಇಬ್ಬರಿಗೂ ಕಿವಿ ಕೆಂಪಾಗುತ್ತಿತ್ತು. ಕೌಂಟರಿನಲ್ಲಿ ಅಕ್ಕ ಚೀಟಿ ಚುಚ್ಚುವುದು ಬಿಟ್ಟು ಛಾವಣಿ ನೋಡುತ್ತಿದ್ದಳು.

ಆದರೆ ಕೋಟು ಕೈ ಬದಲಾಯಿಸುವಾಗ ಅವಳ ಬೆರಳು ತಾಕಿತೋ, ಶುಭ್ರಣ್ಣ ಬಿಸಿ ಇಸ್ತ್ರಿ ಮುಟ್ಟಿದವನಂತೆ ಹಿಂದೆ ಸರಿಯುತ್ತಿದ್ದ. ಅವಳು ಒಂದು ಸಲ ಟೀ ತಂದು ಕೊಟ್ಟರೆ ಬೇಡವೆಂದ. ಒಂದು ಸಲ ಸಂಜೆ ನಡೆದು ಬರೋಣವೇ ಎಂದರೆ ಕೆಲಸವಿದೆ ಎಂದ. ಮನಸ್ಸು ಅವಳ ಬಾಗಿಲಲ್ಲೇ ಕೂತಿದ್ದರೂ, 'ನನ್ನಿಂದ ಅವಳಿಗೇನಾದರೂ ಆದರೆ?' ಎಂಬ ಒಂದು ಪ್ರಶ್ನೆ ಅವನನ್ನು ಹಿಡಿದೆಳೆಯುತ್ತಿತ್ತು. ತಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದು ಅವನ ಎಣಿಕೆ. ಹೀಗೆ ಕಾಪಾಡುವ ಗಂಡಸರನ್ನು ನೋಡಿದರೆ ತಲೆಗೆರಡು ಮೊಟಕೋಣ ಅನ್ನಿಸುತ್ತದೆ, ಆದರೆ ಇವನ ಮುಖ ನೋಡಿದರೆ ಕೈ ಏಳುವುದಿಲ್ಲ.

ಒಂದು ದಿನ ಟೈಲರಮ್ಮ ಕೋಟಿನ ಜತೆ ಒಂದು ಸುದ್ದಿಯನ್ನೂ ತಂದಳು. ಅವಳ ತಂಗಿ ದೂರದ ಊರಿನಲ್ಲಿ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಮೇಲ್ವಿಚಾರಕಿಯ ಕೆಲಸ ಖಾಲಿಯಿದೆ, ಬಾ ಎಂದು ಕರೆದಿದ್ದಳು. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು.

"ಹೋಗ್ಲಾ ಬೇಡ್ವಾ ಅಂತ ಯೋಚನೆ ಮಾಡ್ತಿದೀನಿ" ಎಂದು ಅವಳು ಶುಭ್ರಣ್ಣನ ಮುಖವನ್ನೇ ನೋಡಿದಳು. "ನೀವೇನಂತೀರಿ?"

ಅಕ್ಕ ಕೈಯಲ್ಲಿದ್ದ ಚೀಟಿ ಕೆಳಗಿಟ್ಟಳು. ಶುಭ್ರಣ್ಣ ಕೋಟಿನ ಕಾಲರನ್ನು ಮೂರು ಸಲ ಸರಿಮಾಡಿದ.

"ಹೋಗೋದು ಒಳ್ಳೇದೇ" ಎಂದ. "ಒಳ್ಳೆ ಕೆಲಸ. ತಂಗೀನೂ ಇದಾರೆ."

"ಸರಿ" ಎಂದು ಟೈಲರಮ್ಮ ತಿರುಗಿ ರಸ್ತೆ ದಾಟಿದಳು. ಎರಡೂ ಕಡೆ ನೋಡಲೂ ಇಲ್ಲ.

ಅಕ್ಕನ ಬಾಯಿ ತೆರೆಯಿತು. "ಲೋ, ನಿನಗೆ ಬಾಯಿ ಕೊಟ್ಟಿದ್ದು ಹಲ್ಲುಜ್ಜೋದಕ್ಕಾ? ಆ ಹೆಣ್ಣುಮಗಳು ಬಾಯಿಬಿಟ್ಟು ಕೇಳಿದ್ಲಲ್ಲೋ! ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಆ ಗಾದೆ ನಿನ್ನ ನೋಡಿಯೇ ಮಾಡಿರ್ಬೇಕು. ನಿನ್ನ ಹುಚ್ಚು ಯಾವುದು ಅಂತಾದ್ರೂ ಹೇಳೋ ಮಾರಾಯ!"

ಅದೊಂದು ಮಾತ್ರ ಹೇಳುವ ಹಾಗಿರಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಶುಭ್ರಣ್ಣ ಒಳಗೆ ಹೋದ. ಬಿಳಿ ದೀಪದ ಕೆಳಗೆ ಕೂತು ಒಂದು ತೀರ್ಮಾನಕ್ಕೆ ಬಂದ. ಕೊನೆಯ ಸಲ ಪರೀಕ್ಷೆ ಮಾಡಿಸುವುದು. ಅದರಲ್ಲೂ ಏನೂ ಇಲ್ಲವೆಂದು ಬಂದರೆ, ತಿಂಗಳು ಮುಗಿಯುವ ಮುಂಚೆ ಟೈಲರಮ್ಮನನ್ನು ಕೇಳಿಬಿಡುವುದು. ಹಿಂದಿನ ಪರೀಕ್ಷೆಗಳೂ ಕೊನೆಯವೇ ಆಗಿದ್ದವು ಎಂಬುದು ಅವನ ನೆನಪಿಗೆ ಬರಲಿಲ್ಲ.

ಈಗ ಅವನು ಮಾಡಿದ ಒಂದು ಘನಕಾರ್ಯ ಹೇಳಬೇಕು. ಆಸ್ಪತ್ರೆಯ ಹಾಸಿಗೆ ಬಟ್ಟೆ ನೆನೆಸಲು ಅಂಗಡಿಯಲ್ಲಿ ಒಂದು ಕ್ರಿಮಿನಾಶಕ ದ್ರವ ಇರುತ್ತಿತ್ತು. ಕೆಲವು ತಿಂಗಳಿಂದ ಶುಭ್ರಣ್ಣ ಸ್ನಾನದ ನೀರಿಗೂ ಅದನ್ನೇ ಸುರಿದುಕೊಳ್ಳುತ್ತಿದ್ದ. ಆಸ್ಪತ್ರೆಯ ರೋಗವನ್ನೇ ತೊಳೆಯುವ ದ್ರವ ನನ್ನದನ್ನು ಬಿಡುತ್ತದೆಯೇ ಎಂಬ ಲೆಕ್ಕಾಚಾರ. ಪ್ರಪಂಚದಲ್ಲಿ ಬಟ್ಟೆ ಒಗೆಯುವವನ ಹೊರತು ಇನ್ನಾರಿಗೂ ಇಂಥ ಉಪಾಯ ಹೊಳೆಯಲಾರದು. ಟೈಲರಮ್ಮ ಸುದ್ದಿ ಹೇಳಿದ ಮೇಲಂತೂ ಹೆದರಿಕೆ ಹೆಚ್ಚಾಗಿ ಲೋಟದ ಅಳತೆಯೂ ಹೆಚ್ಚಾಯಿತು. ವಾರದೊಳಗೆ ತೋಳು, ತೊಡೆ, ಹೊಟ್ಟೆ, ಕಂಕುಳಲ್ಲೆಲ್ಲ ಕೆಂಪು ಕೆಂಪಾಗಿ ದದ್ದು ಎದ್ದಿತು. ಅಲ್ಲಲ್ಲಿ ಚರ್ಮ ಸುಲಿಯಿತು.

ಕನ್ನಡಿಯ ಮುಂದೆ ನಿಂತು ಶುಭ್ರಣ್ಣ ಅದನ್ನು ನೋಡಿದ. ಇಷ್ಟು ವರ್ಷ ಕಾದಿದ್ದು ಬಂದೇಬಿಟ್ಟಿತು ಎಂದುಕೊಂಡ. ವಿಚಿತ್ರವೆಂದರೆ ಒಂದು ಕ್ಷಣ ಸಮಾಧಾನವೇ ಆಯಿತು, 'ನಾನು ಹೇಳಿದ್ದೇ ನಿಜ' ಎನ್ನುವವನ ಸಮಾಧಾನ. ಮರುಕ್ಷಣ ಟೈಲರಮ್ಮ ನೆನಪಾದಳು. ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟ.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋದರೆ, ದದ್ದು ನೋಡಿದ ಹುಡುಗಿ ಸೂಜಿ ಕೆಳಗಿಟ್ಟಳು. "ಅಂಕಲ್, ಇದಕ್ಕೆ ರಕ್ತ ಅಲ್ಲ, ಮೊದಲು ಡಾಕ್ಟ್ರನ್ನ ನೋಡಿ. ಇವತ್ತೇ ನೋಡಿ" ಎಂದು ಪಕ್ಕದ ಕ್ಲಿನಿಕ್ಕಿಗೆ ತಾನೇ ಕರೆದುಕೊಂಡು ಹೋಗಿ ಕೂರಿಸಿದಳು.

ಡಾಕ್ಟರು ವಯಸ್ಸಾದ ಹೆಂಗಸು. ಅವರ ಬಿಳಿ ಕೋಟುಗಳು ಶುಭ್ರಣ್ಣನ ಅಂಗಡಿಗೇ ಬರುತ್ತಿದ್ದವು. ದದ್ದನ್ನು ನೋಡಿದರು, ಅವನ ಕೈಗಳನ್ನು ತಿರುಗಿಸಿ ನೋಡಿದರು, ಹತ್ತಿರ ಬಾಗಿ ಮೂಸಿದರು.

"ಸ್ನಾನಕ್ಕೆ ಏನು ಹಾಕ್ತೀರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದ.

"ಹಾಸಿಗೆ ಬಟ್ಟೆಗೆ ಎಷ್ಟು ಹಾಕ್ತೀರಿ?"

ಕಸುಬಿನ ಪ್ರಶ್ನೆ ಬಂದ ಕೂಡಲೇ ಶುಭ್ರಣ್ಣ ನೆಟ್ಟಗೆ ಕೂತ. "ದೊಡ್ಡ ತೊಟ್ಟಿ ನೀರಿಗೆ ಒಂದು ಲೋಟ, ಅಷ್ಟೇ. ಜಾಸ್ತಿ ಆದ್ರೆ ನೂಲು ಸುಟ್ಟುಹೋಗುತ್ತೆ."

"ನಿಮಗೆ?"

"ಒಂದು ಬಕೆಟ್ಟಿಗೆ... ಎರಡು ಲೋಟ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಅಲ್ಲಾ ರೀ, ಹಾಸಿಗೆ ಬಟ್ಟೆಗಿರೋ ಮರ್ಯಾದೆ ನಿಮ್ಮ ಚರ್ಮಕ್ಕಿಲ್ವಾ? ಇದು ಯಾವ ರೋಗನೂ ಅಲ್ಲ. ಸುಟ್ಟಿರೋದು. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಕೊಂಡಿದೀರಿ. ಮುಲಾಮು ಕೊಡ್ತೀನಿ, ಬರೀ ನೀರಲ್ಲಿ ಸ್ನಾನ ಮಾಡಿ, ವಾಸಿಯಾಗುತ್ತೆ. ಈಗ ಹೇಳಿ, ಯಾಕೆ ಹಾಕ್ಕೊಂಡ್ರಿ?"

ಆಗ ಶುಭ್ರಣ್ಣ ಮೊದಲ ಸಲ ಒಬ್ಬರ ಮುಂದೆ ಎಲ್ಲವನ್ನೂ ಹೇಳಿದ. ಟೀ ಕುಡಿಯಲು ಹೋದದ್ದು, ಗೋಡೆಯ ಭಿತ್ತಿಚಿತ್ರ, ಎಡಗೈ ಬಲಗೈ, ಎದುರು ಅಂಗಡಿಯ ಟೈಲರಮ್ಮ. ಡಾಕ್ಟರು ಈ ಸಲ ನಗಲಿಲ್ಲ.

"ಇನ್ನೊಂದೇ ಒಂದು ಟೆಸ್ಟ್ ಬರೆದುಕೊಡಿ ಡಾಕ್ಟ್ರೇ. ಇದೇ ಕೊನೆ" ಎಂದ.

"ಬರೆಯಲ್ಲ" ಎಂದರು. "ಕೇಳಿ ಇಲ್ಲಿ. ನೀವು ಹೇಳೋ ರೋಗಗಳು ಪರೀಕ್ಷೇಲಿ ಕಾಣಿಸ್ಕೊಳ್ಳೋಕೆ ಬೇಕಾದ ಕಾಲ ಮುಗಿದು ಎಷ್ಟೋ ವರ್ಷ ಆಯ್ತು. ಆಮೇಲೂ ಸಾಲುಸಾಲಾಗಿ ಮಾಡಿಸಿದೀರಿ. ಇಲ್ಲ ಅಂದ್ರೆ ಇಲ್ಲ. ಇನ್ನೊಂದು ಬರೆದ್ರೆ ಒಂದು ವಾರ ನೆಮ್ಮದಿ, ಆಮೇಲೆ ಮತ್ತೆ ನನ್ನ ಬಾಗಿಲಿಗೆ ಬರ್ತೀರಿ. ನಿಮಗೆ ಕಾಯಿಲೆ ಇದೆ, ಇಲ್ಲ ಅನ್ನಲ್ಲ. ಹೆದರಿಕೆಯೇ ನಿಮ್ಮ ಕಾಯಿಲೆ. ಬಹಳ ಜನಕ್ಕೆ ಬರುತ್ತೆ, ನಾಚಿಕೆಪಡೋ ವಿಷಯ ಅಲ್ಲ, ಅದಕ್ಕೂ ಚಿಕಿತ್ಸೆ ಇದೆ. ಮೇಲಿನ ಮಹಡೀಲಿ ಒಬ್ಬರು ಆಪ್ತಸಮಾಲೋಚಕರಿದಾರೆ. ಹೋಗಿ."

ಮೇಲಿನ ಮಹಡಿಯ ಸಮಾಲೋಚಕ ಇವನಿಗಿಂತ ಹತ್ತು ವರ್ಷ ಚಿಕ್ಕವನು. ಅಂಗಿಯ ಜೇಬಿನ ಮೇಲೆ ಪೆನ್ನು ಸೋರಿ ನೀಲಿ ಕಲೆ. ಮೊದಲ ಭೇಟಿಯಲ್ಲಿ ಅವನು ಹೇಳಿದ ಅರ್ಧ ಮಾತು ಶುಭ್ರಣ್ಣನ ಕಿವಿಗೆ ಬೀಳಲಿಲ್ಲ. ಕಣ್ಣೆಲ್ಲ ಜೇಬಿನ ಮೇಲೆ.

"ಅಂಗಿ ಕೊಡಿ ಸಾರ್, ನಾಳೆ ತೆಗೆದು ತರ್ತೀನಿ" ಎಂದೇಬಿಟ್ಟ.

ಸಮಾಲೋಚಕ ಕತ್ತು ಬಗ್ಗಿಸಿ ನೋಡಿಕೊಂಡು ನಕ್ಕ. "ಬೇಡ. ಇದು ಹೀಗೇ ಇರ್ಲಿ. ನೀವು ಪ್ರತಿ ವಾರ ಬಂದು ಇದರ ಎದುರಿಗೆ ಕೂತ್ಕೊಳ್ಳಿ."

ಕಲಿಸಿದ ಪಾಠ ಕೇಳಲು ಸುಲಭ, ಮಾಡಲು ಕಷ್ಟ. ಪರೀಕ್ಷೆ ಇಲ್ಲ, ಕನ್ನಡಿಯಲ್ಲಿ ಹುಡುಕುವುದಿಲ್ಲ, 'ನನಗೇನೂ ಇಲ್ಲ ತಾನೇ' ಎಂದು ಯಾರನ್ನೂ ಕೇಳುವುದಿಲ್ಲ. ಹೆದರಿಕೆ ಬಂದರೆ ಬಂತು ಎಂದು ಒಪ್ಪಿಕೊಂಡು ಕೈಯಲ್ಲಿದ್ದ ಕೆಲಸ ಮುಂದುವರಿಸುವುದು. ಎರಡನೆಯ ವಾರ ಶುಭ್ರಣ್ಣ ಲ್ಯಾಬಿನ ಬಾಗಿಲವರೆಗೂ ಹೋಗಿ ಬೆವರು ಒರೆಸಿಕೊಂಡು ವಾಪಸು ಬಂದ. ಮನೆಗೆ ಬಂದು ಅಕ್ಕನ ಮೊಮ್ಮಗುವನ್ನು ಎತ್ತಿಕೊಂಡ. ಮಗು ನಿಜಕ್ಕೂ ಅಂಗಿಯ ಮೇಲೆ ಕಕ್ಕಿತು. ಅಕ್ಕ ಕೈಯಲ್ಲಿದ್ದ ಚೀಟಿಗಳನ್ನು ನೆಲಕ್ಕೆ ಚೆಲ್ಲಿ ನಿಂತಳು.

ಅಷ್ಟರಲ್ಲಿ ತಿಂಗಳು ಮುಗಿಯುತ್ತಾ ಬಂದಿತ್ತು. ಎದುರಿನ ಹೊಲಿಗೆ ಅಂಗಡಿಯಲ್ಲಿ ದಾರದ ಉಂಡೆಗಳು ಪೆಟ್ಟಿಗೆ ಸೇರುತ್ತಿದ್ದವು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಶುಭ್ರಣ್ಣ ರಸ್ತೆ ದಾಟಿದ. ಕೈಯಲ್ಲಿ ಕೋಟಿರಲಿಲ್ಲ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

ಟೈಲರಮ್ಮ ಒಂದು ಹಳೆಯ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಿದ್ದಳು. "ಬನ್ನಿ. ಕೂತ್ಕೊಳ್ಳಿ."

"ನಿಂತೇ ಹೇಳ್ತೀನಿ. ಕೂತ್ರೆ ಧೈರ್ಯ ಹೋಗುತ್ತೆ."

ನಿಂತೇ ಹೇಳಿದ. ತರಬೇತಿಯ ಊರಿನಿಂದ ಹಿಡಿದು ಸ್ನಾನದ ಬಕೆಟ್ಟಿನವರೆಗೆ, ಒಂದು ಕಡೆಯೂ ಬಣ್ಣ ಕಟ್ಟದೆ, ಒಂದು ಕಡೆಯೂ ತನ್ನ ಪರ ವಾದಿಸದೆ. ಹೇಳುವಾಗ ಅವಳ ಮುಖ ನೋಡಲಿಲ್ಲ. ಗೋಡೆಗೆ ತೂಗುಹಾಕಿದ ಅಳತೆ ಪಟ್ಟಿಗೆ ಹೇಳಿದ. ಇಷ್ಟು ಕೇಳಿದ ಮೇಲೆ ಇವಳು ಎದ್ದು ಹಿಂದೆ ಸರಿಯುತ್ತಾಳೆ, ನ್ಯಾಯವೂ ಅದೇ, ಎಂದು ಅವನ ಮನಸ್ಸು ಆಗಲೇ ತೀರ್ಪು ಬರೆದಾಗಿತ್ತು.

ಟೈಲರಮ್ಮ ಕತ್ತರಿ ಕೆಳಗಿಟ್ಟಳು.

"ಅಂದ್ರೆ" ಎಂದಳು, "ನನ್ನ ಕೈ ತಾಗಿದಾಗೆಲ್ಲ ಹಿಂದೆ ಸರೀತಿದ್ರಲ್ಲ, ಅದು ಇದಕ್ಕಾ?"

"ಹೂಂ."

"ಟೀ ಬೇಡ ಅಂದಿದ್ದು?"

"ಅದೂ."

ಅವಳ ಕಣ್ಣು ತುಂಬಿತು. ಯಾಕೆಂದು ಶುಭ್ರಣ್ಣನಿಗೆ ತಿಳಿಯಲಿಲ್ಲ.

"ಗಂಡನ್ನ ತಿಂದ್ಕೊಂಡವಳು ಅಂತ ನಮ್ಮತ್ತೆ ಹೇಳಿದ್ರು. ಅವರು ಹೇಳಿದ್ದನ್ನ ನಾನು ನಂಬಿರ್ಲಿಲ್ಲ. ನೀವು ಹಿಂದೆ ಸರಿಯೋದು ನೋಡಿ ನೋಡಿ ನಂಬೋಕೆ ಶುರು ಮಾಡಿದ್ದೆ. ಇಂಥ ಒಳ್ಳೆ ಮನುಷ್ಯರೇ ಮುಟ್ಟೋಕೆ ಹೇಸ್ತಾರೆ ಅಂದ್ರೆ, ನನ್ನಲ್ಲೇ ಏನೋ ಇದೆ ಅಂತ." ಅವಳ ದನಿ ಏರಿತು. "ಅದಕ್ಕೇ ಊರು ಬಿಡೋಕೆ ಹೊರಟಿದ್ದು, ಗೊತ್ತಾ? ನಿಮ್ಮ ಭಯ ನಿಮಗೆ. ಅದರ ಬಾಡಿಗೆ ನಾನ್ಯಾಕೆ ಕಟ್ಟಬೇಕಿತ್ತು?"

ಇಷ್ಟು ವರ್ಷದಲ್ಲಿ ಶುಭ್ರಣ್ಣ ಊಹಿಸದೆ ಉಳಿದ ಅನಾಹುತವೇ ಇರಲಿಲ್ಲ. ತನ್ನಿಂದ ಅವಳಿಗೆ ಜ್ವರ ಬರುವುದು, ದದ್ದು ಏಳುವುದು, ಆಸ್ಪತ್ರೆ, ಸಾವು, ಎಲ್ಲವನ್ನೂ ನೋಡಿದ್ದ. ಇದೊಂದನ್ನು ಮಾತ್ರ ಕಂಡಿರಲಿಲ್ಲ. ಅಂಟಿಸಬಾರದು ಎಂದು ದೂರ ನಿಂತೇ ಅವಳಿಗೆ ಅಂಟಿಸಿದ್ದ. ನಿಂತೇ ಹೇಳುತ್ತೇನೆ ಎಂದಿದ್ದವನು ಸ್ಟೂಲು ಎಳೆದುಕೊಂಡು ಕೂತ.

"ತಪ್ಪಾಯ್ತು" ಎಂದ. "ನಿಮ್ಮಲ್ಲಿ ಏನೂ ಇಲ್ಲ. ಯಾವತ್ತೂ ಇರ್ಲಿಲ್ಲ. ನನಗೆ ನೀವು ಅಂದ್ರೆ... ನಾನು ಬಂದಿದ್ದು, ಹೋಗ್ಬೇಡಿ ಅಂತ ಹೇಳೋಕೆ."

ಟೈಲರಮ್ಮ ಮೂಗೊರೆಸಿಕೊಂಡಳು. "ಅದನ್ನ ಮೊದಲೇ ಹೇಳ್ಬಾರ್ದಾಗಿತ್ತಾ? ಪೀಠಿಕೇನೇ ಇಷ್ಟುದ್ದ ಮಾಡಿದ್ರೆ ಮದುವೆ ಯಾವ ಕಾಲಕ್ಕೆ?"

ಅವಳು ಸುಮ್ಮನೆ ಒಪ್ಪುವ ಪೈಕಿಯಲ್ಲ. ಮಾರನೆಯ ದಿನ ತಾನೇ ಡಾಕ್ಟರ ಬಳಿ ಹೋಗಿ ಕೇಳಬೇಕಾದ್ದನ್ನೆಲ್ಲ ನೇರವಾಗಿ ಕೇಳಿದಳು, ಉತ್ತರ ಕೇಳಿ ತಲೆಯಾಡಿಸಿದಳು, ಬರುವಾಗ ದಾರಿಯಲ್ಲಿ ತರಕಾರಿ ಕೊಂಡು ಬಂದಳು. ಅಷ್ಟಕ್ಕೇ ಅವಳಿಗೆ ಆ ವಿಷಯ ಮುಗಿದಿತ್ತು. ಒಂದೇ ಸಲ ಕೇಳಿ ಹೇಗೆ ನಂಬುತ್ತಾರೆ ಜನ ಎಂದು ಶುಭ್ರಣ್ಣ ಬೆರಗಾಗಿ ನೋಡಿದ. ಅವಳು ಸಮಾಲೋಚಕನನ್ನೂ ಒಮ್ಮೆ ಕಂಡಳು. ಅವನು ಹೇಳಿದ ಒಂದು ಮಾತು ಅವಳಿಗೆ ಕಷ್ಟದ್ದೆನಿಸಿತು: ಇವರಿಗೆ ಹೆದರಿಕೆ ಬಂದಾಗ 'ಏನೂ ಇಲ್ಲ ಬಿಡಿ' ಎಂದು ಸಮಾಧಾನ ಹೇಳಬೇಡಿ, ಆ ಸಮಾಧಾನವೂ ಇವರಿಗೆ ಇನ್ನೊಂದು ಪರೀಕ್ಷೆಯಿದ್ದಂತೆ.

"ಹಾಗಾದ್ರೆ ನನ್ನದೂ ಒಂದು ಮಾತಿದೆ" ಎಂದು ಅವಳು ಶುಭ್ರಣ್ಣನಿಗೆ ಹೇಳಿದಳು. "ಭಯ ಬಂದ್ರೆ ಬರ್ಲಿ. ಆದ್ರೆ ಹಿಂದೆ ಮಾತ್ರ ಸರೀಬೇಡಿ. ನೀವು ಸರಿದ್ರೆ ನನಗೆ ಮತ್ತೆ ನನ್ನ ಮೇಲೇ ಅನುಮಾನ ಬರುತ್ತೆ. ಹತ್ತಿರ ಬಂದು, ಬಂದಿದೆ ಅಂತ ಹೇಳಿ."

ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾಯಿತು. ಬಾವ ಸಾಕ್ಷಿಗೆ ಸಹಿ ಹಾಕಿದ. ಅಕ್ಕ ಅತ್ತು, ನಕ್ಕು, ಕಚೇರಿಯ ಗುಮಾಸ್ತನ ಅಂಗಿಯ ಕಾಲರು ಹಳದಿಯಾಗಿದೆಯೆಂದು ಹೇಳಿ ಅಂಗಡಿಯ ವಿಳಾಸ ಕೊಟ್ಟು ಬಂದಳು. ಹೊಲಿಗೆ ಯಂತ್ರ ರಸ್ತೆ ದಾಟಿ ಈಚೆ ಬಂತು. ಬಿಳಿ ದೀಪದ ಮೇಜಿನ ಪಕ್ಕ ಕಿಟಕಿಗೆ ಮುಖ ಮಾಡಿ ಕೂತಿತು. ದಿನವಿಡೀ ಒಂದು ಕಡೆ ಆವಿಯ ಬುಸುಬುಸು, ಇನ್ನೊಂದು ಕಡೆ ಯಂತ್ರದ ಕಟಕಟ, ನಡುವೆ ಅಕ್ಕನ ಮಾತು. ಮಹಡಿಯ ಮೇಲೆ ಎಲ್ಲರ ಲೋಟಗಳೂ ಒಂದೇ ಬುಟ್ಟಿಗೆ ಬೀಳತೊಡಗಿದವು. ಯಾರದ್ದು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಶುಭ್ರಣ್ಣನ ಕೆನ್ನೆ ತುಂಬಿಕೊಂಡಿತು. ಸಂಜೆ ಇಬ್ಬರೂ ನಡೆಯಲು ಹೋಗುತ್ತಿದ್ದರು, ಬೀದಿಯ ತುದಿಯವರೆಗೆ, ಏನೇನೋ ಮಾತಾಡುತ್ತಾ. ಸುಖ ಎಂದರೆ ಇದೇ ಇರಬೇಕು ಎಂದು ಅವನಿಗೆ ಅನ್ನಿಸುತ್ತಿತ್ತು, ಅನ್ನಿಸಿದ್ದನ್ನು ಹೆಂಡತಿಗೆ ಹೇಳುತ್ತಲೂ ಇದ್ದ.

ಹೆದರಿಕೆ ಮಾತ್ರ ಪೂರ್ತಿ ಮನೆ ಬಿಟ್ಟು ಹೋಗಲಿಲ್ಲ. ಬರುವುದು ಕಡಿಮೆಯಾಯಿತು, ಬಂದರೂ ಮೊದಲಿನಷ್ಟು ಹೊತ್ತು ಕೂರುತ್ತಿರಲಿಲ್ಲ.

ಮೊನ್ನೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬಾಯಲ್ಲಿ ಏನೋ ಚುರ್ ಎಂದಿತು. ಕೆನ್ನೆಯ ಒಳಗೆ ಸಣ್ಣ ಹುಣ್ಣು. ಹಿಂದಿನ ದಿನ ಊಟ ಮಾಡುವಾಗ ಹಲ್ಲು ಕಚ್ಚಿದ್ದು ಅವನಿಗೂ ನೆನಪಿತ್ತು. ಆದರೂ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗಿ ಮುಟ್ಟಿ ನೋಡಿತು. ಅಂಗಡಿಯಲ್ಲಿ 'ಒಂದು ನಿಮಿಷ ಹೋಗಿ ಬರ್ತೀನಿ' ಎಂದು ಹೇಳಿ ಲ್ಯಾಬಿನ ಕಡೆ ಹೋಗಿಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ? ಕೆಳಗಿಳಿದು ಬಂದ. ಹೆಂಡತಿ ಹೋಟೆಲಿನ ದೊಡ್ಡ ಪರದೆಯೊಂದನ್ನು ಮೇಜಿನ ಮೇಲೆ ಹರಡಿಕೊಂಡು ಅಂಚು ಅಳೆಯುತ್ತಿದ್ದಳು. ಅವನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಅವಳ ಕೈ ಅಳತೆ ಪಟ್ಟಿಯ ಮೇಲೆ ನಿಂತಿತು. ಏನೂ ಕೇಳದೆ ಕಾದಳು.

ಬಾಗಿಲು ಎಡಕ್ಕಿತ್ತು, ಅವಳು ಬಲಕ್ಕಿದ್ದಳು. ಶುಭ್ರಣ್ಣ ಹೋಗಿ ಅವಳ ಭುಜಕ್ಕೆ ಭುಜ ತಾಗುವಂತೆ ನಿಂತ.

"ಬಂದಿದೆ" ಎಂದ.

'ಏನೂ ಇಲ್ಲ ಬಿಡಿ' ಎಂಬ ಮಾತು ಅವಳ ತುಟಿಯವರೆಗೆ ಬಂದದ್ದು ಅವನಿಗೆ ಕಂಡಿತು. ಅವಳು ಅದನ್ನು ನುಂಗಿಕೊಂಡಳು.

"ಬರ್ಲಿ" ಎಂದಳು. "ಈ ತುದಿ ಹಿಡ್ಕೊಳ್ಳಿ. ಬಿಗಿಯಾಗಿ."

ಅವನು ಹಿಡಿದ. ಅವಳು ಪರದೆಯ ಇನ್ನೊಂದು ತುದಿ ಎಳೆದುಕೊಂಡು ಗೋಡೆಯವರೆಗೂ ಹೋದಳು. ನಡುವೆ ಬಟ್ಟೆ ನೆಟ್ಟಗೆ ಬಿಗಿಯಾಯಿತು. ಅವನ ಕೈ ನಡುಗುವುದು ಆ ತುದಿಯವರೆಗೂ ಹೋಗಿ ಅವಳ ಬೆರಳಿಗೆ ತಿಳಿಯುತ್ತಿತ್ತು. ಅಳತೆ ಮುಗಿಯುವವರೆಗೆ ಇಬ್ಬರೂ ಹಿಡಿದುಕೊಂಡೇ ಇದ್ದರು.